ಈಶಾನ್ಯವೊಂದು ಸರಿ ಇತ್ತು

ಮನುಷ್ಯರ ಜೊತೆ ನಾನು ಬಹಳ ಬೇಗ ರಾಜಿಯಾಗುತ್ತೇನೆ. ಬಸ್ಸಿನಲ್ಲಿ ಪಕ್ಕದವನು ಕಾಲಗಲಿಸಿ ಕುಳಿತರೆ ನಾನೇ ಕಿಟಕಿಗೆ ಅಂಟಿಕೊಳ್ಳುತ್ತೇನೆ. ಬದನೆಕಾಯಿಯವಳು ಹುಳುಕು ಕಾಯಿ ಹಾಕಿದರೆ ಅದಕ್ಕೂ ಬದುಕುವ ಹಕ್ಕಿದೆ ಎಂದು ಚೀಲಕ್ಕೆ ಸೇರಿಸುತ್ತೇನೆ. ಆದರೆ ಜೀವವಿಲ್ಲದ ವಸ್ತು ನನ್ನ ಮಾತು ಕೇಳದಿದ್ದರೆ ಮಾತ್ರ ನನಗೆ ಎಲ್ಲಿಲ್ಲದ ಹಟ ಬಂದುಬಿಡುತ್ತದೆ. ಮದುವೆಯಾದ ಹೊಸದರಲ್ಲಿ ಮಾವನ ಮನೆಯಲ್ಲಿ ತುಕ್ಕು ಹಿಡಿದ ಟ್ರಂಕೊಂದನ್ನು ತೆರೆಯಲು ಕುಳಿತು ಹಬ್ಬದ ಊಟವನ್ನೇ ಬಿಟ್ಟವನು ನಾನು. ಕಡೆಗೂ ಟ್ರಂಕು ತೆರೆಯಿತು. ಒಳಗೆ ಒಂದು ಹಳೆಯ ಕೌದಿ ಇತ್ತು.

ಇಂಥ ನನಗೆ ಕಟ್ಟಡಗಳ ನಕಾಶೆ ತೆಗೆಯುವ ಉದ್ಯೋಗ. ಮಿರಜಿನಲ್ಲಿ, ತಂಬೂರಿ ಮಾಡುವವರ ಓಣಿಯ ಮಗ್ಗುಲಲ್ಲಿ, ಒಂದು ಕೋಣೆಯ ಆಫೀಸು. ಅವರು ದಿನವಿಡೀ ತಂತಿ ಬಿಗಿದು ಶ್ರುತಿ ನೋಡುತ್ತಾರೆ, ನಾನು ಕಂಪ್ಯೂಟರಿನ ಮುಂದೆ ಕುಳಿತು ಹಲ್ಲು ಬಿಗಿಯುತ್ತೇನೆ. ನಮ್ಮ ಮನೆತನದಲ್ಲಿ ಅರಿಶಿಣದ ವ್ಯಾಪಾರ ಬಿಟ್ಟವನು ನಾನೊಬ್ಬನೇ. ಸಾಂಗ್ಲಿ ಪೇಟೆಯಲ್ಲಿ ಅಂಗಡಿಯಿರುವ ನಮ್ಮ ಕಾಕಾ ಇದನ್ನು ಇನ್ನೂ ಮನಸ್ಸಿನಿಂದ ತೆಗೆದಿರಲಿಲ್ಲ. ನನ್ನ ಉದ್ಯೋಗದ ಬಗ್ಗೆ ಯಾರಾದರೂ ಕೇಳಿದರೆ, "ನಮ್ಮ ಬಸು ಏನೋ ಗೆರಿ ಎಳೀತಾನ್ರಿ" ಎಂದು ಮಾತು ಮುಗಿಸುತ್ತಿದ್ದರು.

ಹಿಂದೊಮ್ಮೆ ಕೃಷ್ಣೆ ಪೇಟೆಯೊಳಗೆ ಬಂದಾಗ ಕಾಕಾನ ಗೋದಾಮಿನ ಅರಿಶಿಣವೆಲ್ಲ ನೀರಿನಲ್ಲಿ ಕುಳಿತಿತ್ತು. ನೀರಿಳಿದ ಮೇಲೆ ಕೊಳೆತ ಚೀಲಗಳ ಮುಂದೆ ಅವರು ನಿಂತದ್ದನ್ನು ನಾನು ನೋಡಿದ್ದೇನೆ. ಎದುರಿಗೆ ಸಿಕ್ಕವರನ್ನೆಲ್ಲ ಮಾತಿನಲ್ಲೇ ಹಿಡಿದಿಡುವ ಮನುಷ್ಯ ಅಂದು ಒಂದೊಂದೇ ಚೀಲ ಬಿಚ್ಚಿ, ಮೂಸಿ, ಮತ್ತೆ ಕಟ್ಟುತ್ತಿದ್ದರು. ಹಾಗಾಗಿ ಈಚೆಗೆ ಕಸಬೆ ಡಿಗ್ರಜದ ಹತ್ತಿರ ಜಮೀನು ತೆಗೆದುಕೊಂಡು ಹೊಸ ಗೋದಾಮಿನ ಕೆಲಸವನ್ನು ಅವರು ನನಗೇ ಕೊಟ್ಟಾಗ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಾಯಿತು.

"ಈಶಾನ್ಯ ತಗ್ಗಿರಬೇಕು, ನೈಋತ್ಯ ಎತ್ತರ ಇರಬೇಕು. ಮಾಲಿಗೆ ನೀರ ಮುಟ್ಟಬಾರದು. ಇಷ್ಟ ನೋಡ್ ತಮ್ಮಾ, ಉಳಿದದ್ದು ನಿನಗ ಬಿಟ್ಟದ್ದು" ಎಂದರು.

ಜಮೀನಿನ ಒಂದು ಮಗ್ಗುಲಿಗೆ ರಸ್ತೆ, ಇನ್ನೊಂದು ಮಗ್ಗುಲಿಗೆ ಓಢಾ, ಅಂದರೆ ಹೊಳೆಗೆ ಸೇರುವ ಹಳ್ಳ. ಹೊಳೆ ತುಂಬಿದರೆ ನೀರು ಹಿಂದಕ್ಕೊತ್ತಿ ಇದೇ ಹಳ್ಳದಿಂದ ಏರುತ್ತದೆ. ನಾನು ನೋಡಲು ಹೋದಾಗ ಆಳೆತ್ತರದ ಕಬ್ಬು ನಿಂತಿತ್ತು. ನೆಲ ಎತ್ತ ಇಳಿದಿದೆ ಎಂಬುದು ಆ ಕಬ್ಬಿಗೇ ಗೊತ್ತು. ಕಬ್ಬು ಕಡಿದ ಮೇಲೆ ಸಾಂಗ್ಲಿಯ ಸರ್ವೆಯವರನ್ನು ಕಳಿಸಿದೆ. ಅವರು ಜಾಗಜಾಗಕ್ಕೆ ನಿಂತು ಅಳೆದು ಒಂದು ಫೈಲು ಕಳಿಸಿದರು. ಪ್ರತಿ ಜಾಗಕ್ಕೂ ಮೂರು ಅಂಕಿ: ಉತ್ತರಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು, ಎತ್ತರ ಎಷ್ಟು. ಇದನ್ನು ಕಟ್ಟಡ ವಿನ್ಯಾಸದ ಸಾಫ್ಟ್‌ವೇರಿಗೆ ಉಣಿಸಿದರೆ ಅದು ನೆಲದ ಏರಿಳಿತವನ್ನು ತಾನೇ ಮೂಡಿಸಿಕೊಡುತ್ತದೆ. ಹಾಗೆಂದು ಅದನ್ನು ಮಾರಿದವನು ಹೇಳಿದ್ದ.

ಉಣಿಸಿದೆ. ಪರದೆಯ ಮೇಲೆ ಗೋದಾಮಿತ್ತು, ನೆಲವಿರಲಿಲ್ಲ. ಹುಡುಕಿ ಹುಡುಕಿ ಸಾಕಾಗಿ ಕತ್ತೆತ್ತಿ ನೋಡಿದರೆ ಜಮೀನು ಆಕಾಶದಲ್ಲಿ ತೂಗುತ್ತಿತ್ತು. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಮೇಲಿದೆ. ಸಾಫ್ಟ್‌ವೇರು ಗೋದಾಮನ್ನು ಸಮುದ್ರದ ಮಟ್ಟದಲ್ಲೇ ಕೂರಿಸಿ, ನೆಲವನ್ನಷ್ಟೇ ಮೇಲಕ್ಕೆ ಕಳಿಸಿತ್ತು. ಅದನ್ನು ಇಳಿಸಿಕೊಳ್ಳುವ ಹೊತ್ತಿಗೆ ಇನ್ನೊಂದು ಪೇಚು. ಸರ್ವೆಯವರು ಮೀಟರಿನಲ್ಲಿ ಕೊಟ್ಟದ್ದನ್ನು ಇದು ಫೂಟೆಂದು ತಿಳಿದು ಜಮೀನನ್ನು ಕುಗ್ಗಿಸಿಬಿಟ್ಟಿತು. ಅದೇ ದಿನ ನೋಡಿ, ಕಾಕಾ ಬಂದು ಬೆನ್ನ ಹಿಂದೆ ನಿಂತರು.

"ಇಷ್ಟ ಐತೇನು? ನಾ ತಗೊಂಡಾಗ ಇನ್ನೂ ದೊಡ್ಡದಿತ್ತಲ್ಲೋ" ಎಂದರು. ಚಹಾ ಕುಡಿಯದೆ ಹೋದರು.

"ಹೋಗ್ಲಿ ಬಿಡ್ರಿ. ನೆಲಾ ಸಪಾಟ ಐತಿ ಅಂತ ತಿಳಕೊಂಡ ತೆಗದ ಬಿಡ್ರಿ, ಎಲ್ಲಾರೂ ಹಂಗ ಮಾಡ್ತಾರ" ಎಂದಳು ರಾತ್ರಿ ಮನೆಯಲ್ಲಿ ಹೆಂಡತಿ. ಅವಳು ಹೇಳಿದ್ದು ನಿಜ, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ನೆಲ ಸಪಾಟ ಎಂದು ನಾನು ತಿಳಿದುಕೊಂಡರೆ ಹಳ್ಳದ ನೀರೂ ಹಾಗೇ ತಿಳಿದುಕೊಳ್ಳಬೇಕಲ್ಲ. ಆ ಸಾಫ್ಟ್‌ವೇರು ಉಳಿಯಬೇಕು, ಇಲ್ಲ ನಾನು ಉಳಿಯಬೇಕು ಎಂದು ಪಟ್ಟು ಹಿಡಿದೆ. ಸಿಟ್ಟಿನಲ್ಲಿ ಕೀಬೋರ್ಡಿಗೆ ಬೈದೆ, ಒಂದೆರಡು ಸಲ ಕೈಮುಗಿದೂ ನೋಡಿದೆ. ಒಂದು ಮಧ್ಯಾಹ್ನ ನೆಲ ಗೋದಾಮಿನ ಕೆಳಗೆ, ಇರಬೇಕಾದ ಅಳತೆಯಲ್ಲಿ, ಹಸಿರು ಹಸಿರಾಗಿ ಬಂದು ಮಲಗಿತು. ನನಗೆ ಕಣ್ಣಲ್ಲಿ ನೀರು ಬಂತು ಎಂದರೆ ನಗಬೇಡಿ.

ಕಾಕಾ, ಅವರ ಹೆಂಡತಿ ಕಾಕೂ ಇಬ್ಬರೂ ನೋಡಲು ಬಂದರು. ಕಾಕಾ ಅರಿಶಿಣ ಮೆತ್ತಿದ ಬೆರಳನ್ನು ಪರದೆಯ ಮೇಲಿಟ್ಟು ಮೊದಲು ಕೇಳಿದ್ದೇ ಈಶಾನ್ಯ. ತಗ್ಗಿತ್ತು. ನೈಋತ್ಯ? ಎತ್ತರವಿತ್ತು. "ಭೂಮಿ ಛಲೋ ಐತಿ" ಎಂದು ಕಾಕೂ ಪರದೆಗೇ ನಮಸ್ಕಾರ ಮಾಡಿದರು. ಉಳಿದೆರಡು ಮೂಲೆಗಳು ಹೊಲದಲ್ಲಿ ಇರುವಂತೆಯೇ ಇಲ್ಲೂ ಇವೆಯೇ ಎಂದು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ನಮ್ಮಲ್ಲಿ ಆ ಎರಡು ಮೂಲೆಗಳನ್ನು ಯಾರೂ ಕೇಳುವುದಿಲ್ಲ. ಎಲ್ಲಕ್ಕಿಂತ ಎತ್ತರವಾಗಿ ಕಂಡ ವಾಯವ್ಯದಲ್ಲಿ, ರಸ್ತೆಗೆ ದೂರವಾಗಿ ಹಳ್ಳಕ್ಕೆ ಹತ್ತಿರವಾದರೂ ಎತ್ತರವಿದೆಯಲ್ಲ, ಚಿಂತೆಯಿಲ್ಲ ಎಂದು, ಗೋದಾಮನ್ನು ಕೂರಿಸಿದೆ.

ಭೂಮಿಪೂಜೆಯ ದಿನ ನೆಂಟರೆಲ್ಲ ಬಂದಿದ್ದರು. ಸ್ವಾಮಿಗಳು ಈಶಾನ್ಯ ಮೂಲೆಯಲ್ಲಿ ಪೂಜೆಗೆ ಕುಳಿತರು. ಆಚೆ ವಾಯವ್ಯದಲ್ಲಿ ಸುಣ್ಣದ ಗೆರೆ ಹಾಕಿ, ಪೂಜೆ ಮುಗಿದ ಕೂಡಲೇ ಅಗೆಯಲು ಜೆಸಿಬಿ ನಿಲ್ಲಿಸಿತ್ತು. ಧೂಳು ಅಡಗಿಸಲು ತರಿಸಿದ್ದ ನೀರಿನ ಟ್ಯಾಂಕರಿನಲ್ಲಿ ಕಾಕೂನ ಅಣ್ಣ, ಸಲಗರೆಯ ಮಾವ, ಕಾಲು ತೊಳೆದು ನಳ ಮುಚ್ಚುವುದನ್ನು ಮರೆತರು. ನೀರು ಹರಿಯತೊಡಗಿತು. ನನ್ನ ಕಂಪ್ಯೂಟರಿನ ಪ್ರಕಾರ ಅದು ರಸ್ತೆಯ ಕಡೆ ಹೋಗಬೇಕು. ಅದು ತಿರುಗಿಯೂ ನೋಡದೆ ಹಳ್ಳದ ಕಡೆ ಹೊರಟು, ಮಂಗಳಾರತಿಯ ಹೊತ್ತಿಗೆ ನನ್ನ ಸುಣ್ಣದ ಗೆರೆ ದಾಟಿ ಗೋದಾಮಿನೊಳಗೆ ನಿಂತಿತು.

ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು ಇಟ್ಟು ಫೈಲು ತೆಗೆದೆ. ಸರ್ವೆಯವರು ಉತ್ತರದ ಅಂಕಿ ಮೊದಲು ಬರೆದಿದ್ದರು. ಸಾಫ್ಟ್‌ವೇರು ಮೊದಲು ಬಂದದ್ದನ್ನು ಪೂರ್ವವೆಂದು ಓದಿತ್ತು. ಕರವಸ್ತ್ರವನ್ನು ಮೂಲೆಯಿಂದ ಮೂಲೆಗೆ ಮಗುಚಿದ ಹಾಗೆ ಜಮೀನು ಮಗುಚಿಕೊಂಡಿತ್ತು. ಹಾಗೆ ಮಗುಚಿದರೆ ಈಶಾನ್ಯ, ನೈಋತ್ಯ ಎರಡೂ ಇದ್ದಲ್ಲೇ ಇರುತ್ತವೆ. ಬದಲಾಗುವುದು ಉಳಿದೆರಡು ಮಾತ್ರ. ನಾನು ಆರಿಸಿದ ಎತ್ತರದ ಜಾಗ ಜಮೀನಿನಲ್ಲೇ ಎಲ್ಲಕ್ಕಿಂತ ತಗ್ಗು. ಜೆಸಿಬಿ ಗುರುಗುಟ್ಟಿತು.

"ಕಾಕಾ, ಅದನ್ನ ನಿಂದರಸ್ರಿ" ಎಂದೆ. ನೆಂಟರೆಲ್ಲ ನನ್ನತ್ತ ತಿರುಗಿದರು. "ಗೋದಾಮು ತಪ್ಪ ಮೂಲ್ಯಾಗ ಹಾಕೇನ್ರಿ. ಅಲ್ಲಿ ಕಟ್ಟಿದ್ರ ಓಢಾದ ನೀರು ಮೊದಲ ನಮ್ಮ ಮಾಲಿಗೇ ಬರತೈತಿ. ತಪ್ಪು ನಂದ."

ಕಾಕಾ ನಿಂತ ನೀರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಈಶಾನ್ಯ?"

"ಅದೊಂದು ಸರಿ ಐತ್ರಿ."

"ಹಂಗಾರ ಪೂಜಿ ಸರಿ ಆತು. ಗೋದಾಮು ಎಲ್ಲಿ ಬೇಕು ತೋರಸು, ಅಲ್ಲೇ ಅಗಸೂಣು."

ಎಲ್ಲರೂ ಬಾನೆಟ್ಟಿನ ಸುತ್ತ ಸೇರಿದರು. ನಾನು ಉತ್ತರದ ಅಂಕಿಗಳನ್ನೂ ಪೂರ್ವದ ಅಂಕಿಗಳನ್ನೂ ಅದಲುಬದಲು ಮಾಡಿದೆ. ಪರದೆಯ ಮೇಲಿನ ನೆಲ ಮೈಮುರಿದು ಮಗ್ಗುಲು ಬದಲಿಸಿತು. ತಗ್ಗು ಹಳ್ಳದ ಕಡೆ ಹೋಯಿತು, ಎತ್ತರ ರಸ್ತೆಯ ಕಡೆ ಬಂತು. ನೆಂಟರು ಉಸಿರು ಬಿಗಿಹಿಡಿದು ನೋಡಿದರು. "ನೋಡಿದ್ರೇನು, ನಮ್ಮ ಬಸು ಜಮೀನಾನ ತಿರುವಿ ಇಟ್ಟ" ಎಂದರು ಕಾಕಾ. ಅವರ ದನಿಯಲ್ಲಿ ನನ್ನ ಬಗ್ಗೆ ಅಂಥ ಹೆಮ್ಮೆಯನ್ನು ನಾನು ಎಂದೂ ಕೇಳಿರಲಿಲ್ಲ. ತಿರುವಿದ್ದಲ್ಲ, ತಿರುವಿಟ್ಟದ್ದನ್ನು ಸರಿ ಮಾಡಿದ್ದು ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಊಟಕ್ಕೆ ಕುಳಿತಾಗ ಸಲಗರೆಯ ಮಾವ ಪಕ್ಕಕ್ಕೆ ಸರಿದು ಬಂದರು. "ಬಸೂ, ನಮ್ಮ ಹೊಲದಾಗ ಮನಿ ಕಟ್ಟಬೇಕಂತೀನಿ. ಈಶಾನ್ಯ ಎತ್ತರ ಐತಿ, ಸ್ವಾಮಿಗೋಳು ಬ್ಯಾಡ ಅಂತಾರ. ಅದನ್ನೂ ಒಂದಿಷ್ಟು ತಿರುವಿ ಕೊಡಪಾ" ಎಂದರು. ಅವರ ಮುಖದಲ್ಲಿ ಎಂಥ ನಂಬಿಕೆಯಿತ್ತೆಂದರೆ, ಆಗುವುದಿಲ್ಲ ಎನ್ನಲು ನನಗೆ ಬಾಯಿಯೇ ಬರಲಿಲ್ಲ.

"ಈ ತಪ್ಪಿನಾಗ ಈಶಾನ್ಯ ತಿರುಗೂದಿಲ್ರಿ ಮಾವಾ" ಎಂದೆ. "ಅದಕ್ಕ ಬ್ಯಾರೆ ತಪ್ಪು ಮಾಡಬೇಕಾಗತೈತಿ. ನನಗ ಒಂದಿಷ್ಟು ದಿವಸ ಕೊಡ್ರಿ."