ಅಧಿಕ ಮಾಸದಲ್ಲಿ ಕಳೆದುಹೋದ ಹಸು

ನನ್ನ ತಮ್ಮನ ಮನೆಯಲ್ಲಿ ನಗುವಂಥದ್ದು ಏನೂ ನಡೆಯದೆ ಒಂದು ಹುಣ್ಣಿಮೆ ಕಳೆದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ದೇವರು ನನ್ನ ಹೊಟ್ಟೆಯ ಮೇಲೆ ಕರುಣೆ ಇಟ್ಟಿದ್ದಾನೆ, ನಡೆಯುತ್ತಲೇ ಇರುತ್ತದೆ. ನನ್ನನ್ನು ಕೊಟ್ಟದ್ದು ಮಧುಗಿರಿಯ ಇದೇ ಬೀದಿಗೆ, ತವರಿನಿಂದ ನಾಲ್ಕು ಬಾಗಿಲು ಆಚೆಗೆ. ಜಗಲಿ ಮೇಲೆ ಕೂತರೆ ತವರಿನ ಒಗ್ಗರಣೆಯೂ ಕೇಳುತ್ತದೆ, ಜಗಳವೂ ಕೇಳುತ್ತದೆ. ಎದ್ದು ಹೋಗಿ ವಿಚಾರಿಸುವ ಕಷ್ಟವೇ ಇಲ್ಲ. ಕೇಳಿದ್ದನ್ನು ಹೇಳುತ್ತೇನೆ. ಅಲ್ಲಲ್ಲಿ ಕಹಿ ಎನ್ನಿಸಿದರೆ ಅದು ಅಡುಗೆ ಮಾಡಿದವರ ತಪ್ಪು, ಬಡಿಸಿದವಳದ್ದಲ್ಲ.

ಅಪ್ಪನ ಭಾಗ

ತಮ್ಮ ಪಾವಗಡ ರೂಟಿನ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದುಕೊಂಡೇ ಮುದುಕನಾದವನು. ಹೆಂಡತಿ ತೀರಿಕೊಂಡ ಮೇಲೆ ಮಂಡಿನೋವು ಹಿಡಿದು ಮನೆಯಲ್ಲಿ ಕೂತ. ಇಬ್ಬರು ಗಂಡುಮಕ್ಕಳು. ತವರಿನ ಮನೆಯಲ್ಲೇ ಇರುವ ದೊಡ್ಡವನಿಗೆ ಇಲ್ಲೇ ಪೇಟೆಯಲ್ಲಿ ಪಾತ್ರೆ ಅಂಗಡಿ, ಚಿಕ್ಕವನಿಗೆ ಸಿರಾದಲ್ಲಿ ಟೈಲ್ಸ್ ಅಂಗಡಿ.

ಇಬ್ಬರೂ ಭಾಗ ಆದ ದಿನ ಹಿರೀಕರು ನಡುಮನೆಯಲ್ಲಿ ಕೂತು, ಹಂಡೆ ಯಾರಿಗೆ, ಒರಳು ಯಾರಿಗೆ, ಬೀರು ಯಾರಿಗೆ ಎಂದೆಲ್ಲ ತೀರ್ಮಾನ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಎದ್ದರು. ಚಪ್ಪಲಿ ಮೆಟ್ಟುವಾಗ ಒಬ್ಬರಿಗೆ ಜ್ಞಾಪಕ ಬಂತು. "ಅಲ್ರಪ್ಪಾ, ಯಜಮಾನ್ರು?"

ಮತ್ತೆ ಕೂತರು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ದೊಡ್ಡವನ ಮನೆ, ಆಮೇಲೆ ಒಂದು ತಿಂಗಳು ಚಿಕ್ಕವನ ಮನೆ. ಯಾರ ತಿಂಗಳೋ ಅವರದ್ದೇ ಊಟ, ಮಾತ್ರೆ, ಕ್ಷೌರ.

ತಮ್ಮ ಹಿರೀಕರ ಕಡೆ ತಿರುಗಿದ. "ಹಂಡೆ ಯಾರಿಗಾಯ್ತು?" ಎಂದು ಕೇಳಿದ.

"ದೊಡ್ಡೋನಿಗೆ ಕಣಪ್ಪ. ಅದು ಖಾಯಂ ಅಲ್ಲೇ ಇರ್ತದೆ."

"ಹಂಡೆ ಪುಣ್ಯ ಮಾಡಿತ್ತು ಬುಡಿ" ಅಂದ.

ಬಾಯಿ ಮುಚ್ಚಿಸುವ ಡಬ್ಬ

ದೊಡ್ಡವನ ತಿಂಗಳಲ್ಲಿ ತಮ್ಮ ಬೆಳಗಿನಿಂದ ಸಂಜೆತನಕ ನನ್ನ ಜಗಲಿ ಮೇಲೆ. ದೊಡ್ಡ ಸೊಸೆ ಪಾವಗಡದ ಕಡೆಯವಳು. ಅವಳ ಸಾರಿಗೆ ಉಪ್ಪು ಜಾಸ್ತಿಯಾದದ್ದು, ತವರಿಗೆ ಗುಟ್ಟಾಗಿ ಕುಕ್ಕರು ಕಳಿಸಿದ್ದು, ಎಲ್ಲವೂ ಬೀದಿಗೆ ಗೊತ್ತಾಗುತ್ತಿದ್ದದ್ದು ಹಾಗೆ. "ದೇವುಡಾ! ಈ ಅಕ್ಕ ತಮ್ಮನ ಬಾಯಿ ಮುಚ್ಚಿಸೋ ಯಂತ್ರ ಯಾವ ಅಂಗಡೀಲಿ ಸಿಗ್ತೈತೋ!" ಎಂದು ಅವಳು ಗಂಡನ ಮೇಲೆ ಕೂಗಿದ್ದು ನನಗೆ ಚೆನ್ನಾಗಿ ಕೇಳಿಸಿತು.

ಸಿಕ್ಕಿತು. ಟೀವಿಗೆ ಸಿಕ್ಕಿಸುವ ಗೇಮಿನ ಡಬ್ಬ. ಕೈಯಲ್ಲಿ ಹಿಡಿಯಲು ಗುಂಡಿಗಳಿರುವ ರಿಮೋಟು. ಆಟದೊಳಗೆ ಒಂದು ಹೊಲ, ಬಾವಿ, ಕೊಟ್ಟಿಗೆ. ಗುಂಡಿ ಒತ್ತಿ ಉಳಬೇಕು, ಬಿತ್ತಬೇಕು, ನೀರು ಹಾಯಿಸಬೇಕು. ಹುಟ್ಟಿದಾಗಿನಿಂದ ಒಂದು ಗುಂಟೆ ಜಮೀನು ಕಾಣದ ಕಂಡಕ್ಟರಿಗೆ ಹುಚ್ಚು ಹಿಡಿಯಲು ಇನ್ನೇನು ಬೇಕು? ಜಗಲಿ ಖಾಲಿಯಾಯಿತು.

ಸುದ್ದಿ ಕೇಳಿ ಸಿರಾದ ಚಿಕ್ಕ ಸೊಸೆಯೂ ಅಂಥದ್ದೇ ಒಂದನ್ನು ತರಿಸಿದಳು. ಮಾವನ ಮೇಲಿನ ಪ್ರೀತಿಯಿಂದಲ್ಲ. ಓರಗಿತ್ತಿಯ ಟೀವಿ ಕೆಳಗಿರುವುದು ತನ್ನ ಟೀವಿ ಕೆಳಗಿಲ್ಲದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಆದರೆ ಮಧುಗಿರಿಯಲ್ಲಿ ಬಿತ್ತಿದ ಬೆಳೆ ಸಿರಾದಲ್ಲಿ ಕಾಣುವುದಿಲ್ಲವಲ್ಲ ಎಂದು ತಮ್ಮ ಕೊರಗಿದ. ಅದಕ್ಕೆ ಚಿಕ್ಕವನು ಒಂದು ದಾರಿ ಹೇಳಿದ. ತಿಂಗಳು ತಿಂಗಳು ರೀಚಾರ್ಜ್ ಮಾಡಿದರೆ ಹೊಲ, ಬೆಳೆ, ದನ ಎಲ್ಲದರ ಒಂದು ನಕಲು ಕಂಪನಿಯವರ ಹತ್ತಿರ, ಮೇಲೆ ಕ್ಲೌಡಿನಲ್ಲಿ ಇರುತ್ತದೆ. ಯಾವ ಮನೆಗೆ ಹೋದರೂ ಆ ಮನೆಯ ಡಬ್ಬಕ್ಕೆ ಇಳಿಸಿಕೊಳ್ಳಬಹುದು. ಸರಿ, ಊಟ, ಮಾತ್ರೆ, ಕ್ಷೌರದ ಜೊತೆಗೆ ಇದೂ ಸೇರಿತು. ಯಾರ ತಿಂಗಳೋ ಅವರದ್ದೇ ರೀಚಾರ್ಜ್.

ತಮ್ಮನಿಗೆ ಎಲ್ಲಿಲ್ಲದ ಖುಷಿ. "ನೋಡಕ್ಕ, ಇಷ್ಟು ದಿನ ಮಕ್ಕಳ ಮನೆಗೆ ಬರಿಗೈಲಿ ಹೋಗ್ತಿದ್ದೆ. ಈಗ ಜಮೀನು ಸಮೇತ ಹೋಗ್ತೀನಿ."

"ಹೋಗು, ಹೋಗು. ಕೆಸರು ಕಾಲಲ್ಲಿ ಒಳಗೆ ಬರಬ್ಯಾಡಿ ಅಂತ ಸೊಸೇರು ಬಾಗಿಲಲ್ಲೇ ನಿಲ್ಲಿಸದಿದ್ರೆ ಸರಿ" ಅಂದೆ.

ಬಾಯಿಗೆ ಬಂದ ಹೆಸರು

ಒಂದು ಸಂಜೆ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ತವರಿನ ಮನೆಯಿಂದ ತಮ್ಮನ ದನಿ ಬಂತು. ಸತ್ತ ಹೆಂಡತಿಯ ಹೆಸರು ಹಿಡಿದು ಕೂಗುತ್ತಿದ್ದಾನೆ! "ಬಾರೇ, ಹೊತ್ತು ಮುಳುಗ್ತು, ಮನೆಗೆ ಬಾ."

ನನ್ನ ಮೈಯೆಲ್ಲ ಜುಮ್ಮೆಂದಿತು. ಯಾಕೆಂದರೆ ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದಿಲ್ಲ, ಅದರಲ್ಲೂ ಇವನು ಬಲು ನಾಚಿಕೆಯವನು. ಅವಳ ಹೆಸರಿನದೇ ಒಂದು ಹಳ್ಳಿ ಇವನ ರೂಟಿನಲ್ಲಿತ್ತು. ಎಲ್ಲ ಊರಿನ ಹೆಸರನ್ನೂ ಗಂಟಲು ಹರಿಯುವಂತೆ ಕೂಗುವವನು ಆ ಸ್ಟಾಪು ಬಂದರೆ ಮಾತ್ರ ಸೀಟಿ ಊದಿ, "ಇಳಿಯೋರು ಇಳೀರಿ" ಎನ್ನುತ್ತಿದ್ದ. ಅಂಥವನು ಹೆಸರು ಹಿಡಿದು ಕೂಗಬೇಕಾದರೆ ಗಾಳಿಯೇ ಮೆಟ್ಟಿರಬೇಕು ಎಂದು ಸಿದ್ದರಬೆಟ್ಟದಿಂದ ತಂದಿದ್ದ ವಿಭೂತಿ ಹಿಡಿದು ಓಡಿದೆ.

ಹೋಗಿ ನೋಡಿದರೆ ಟೀವಿಯೊಳಗೆ ಒಂದು ಬಿಳಿ ಹಸು, ಕೊರಳಲ್ಲಿ ಗಂಟೆ, ನಿಧಾನಕ್ಕೆ ಕೊಟ್ಟಿಗೆಯ ಕಡೆ ಬರುತ್ತಿದೆ.

"ಯಾರನ್ನ ಕರೀತಿದ್ದೀಯ್ಲಾ?"

ತಮ್ಮ ಕಿವಿತನಕ ಕೆಂಪಾದ. "ಹಸುಗೆ ಹೆಸರಿಡು ಅಂತು ಅಕ್ಕ. ಬೇರೆ ಯಾವುದೂ ಬಾಯಿಗೆ ಬರಲಿಲ್ಲ."

"ಬದುಕಿದ್ದಾಗ ಒಂದು ದಿನ ಕರೀಲಿಲ್ಲ."

"ಬದುಕಿದ್ದಾಗ ಕರೆಯೋಕೆ ಮುಂಚೆ ಅವಳೇ ಬಂದು ನಿಂತಿರೋಳು."

ನಾನು ವಿಭೂತಿಯನ್ನು ನನ್ನ ಹಣೆಗೇ ಹಚ್ಚಿಕೊಂಡು ಹೊರಗೆ ಬಂದೆ. ದೊಡ್ಡ ಸೊಸೆ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅತ್ತೆ ಹೋದ್ಲು ಅಂತ ಈಗಷ್ಟೇ ಕಾಲು ಚಾಚಿ ಕೂತಿದ್ದೆ ದೊಡ್ಡತ್ತೆ. ಟೀವಿಯೊಳಗಿಂದ ಬಂದ್ಬುಟ್ಳಲ್ಲಾ!"

ಡಬ್ಬಕ್ಕೆ ಆಯುಧ ಪೂಜೆ

ಆ ವರ್ಷದ ಆಯುಧ ಪೂಜೆಯಲ್ಲಿ ದೊಡ್ಡವನ ಮನೆಯವರು ತಕ್ಕಡಿಗೆ, ಸ್ಕೂಟರಿಗೆ, ಮಿಕ್ಸಿಗೆ ಪೂಜೆ ಮಾಡಿ, ಗೇಮಿನ ಡಬ್ಬವನ್ನೂ ಮಣೆ ಮೇಲೆ ಕೂರಿಸಿದರು. ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡು ಹೂವು. ಬೆನ್ನಲ್ಲಿ ಗಾಳಿ ಆಡಲು ಸೀಳು ಸೀಳು ತೂತುಗಳಿದ್ದವು. ಸೊಸೆ ಭಕ್ತಿಯಿಂದ ಅಲ್ಲಿಗೂ ಅರಿಶಿನದ ನೀರು ಪ್ರೋಕ್ಷಣೆ ಮಾಡಿದಳು. ಮಂಗಳಾರತಿ ಆದ ಮೇಲೆ ಸ್ವಿಚ್ ಹಾಕಿದರೆ ಒಳಗಿಂದ ಚುರ್ ಎಂದು ಹೊಗೆ ಎದ್ದಿತು. ಕೂತವರಲ್ಲಿ ಅರ್ಧ ಜನ ಸಾಂಬ್ರಾಣಿ ಅಂದುಕೊಂಡು ಕೈ ಮುಗಿದರು.

"ಹಸು ಒಳಗಿತ್ತಲ್ರೋ!" ಎಂದು ತಮ್ಮ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ.

ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ರಿಪೇರಿಯವನು ಡಬ್ಬ ಬಿಚ್ಚಿ ನೋಡಿ, "ಇಷ್ಟು ಕುಂಕುಮ ನಮ್ಮ ಅಂಗಡಿ ಗಣೇಶನಿಗೂ ಇಟ್ಟಿಲ್ಲ ಕಣ್ರಿ. ಇದರ ಕಥೆ ಮುಗೀತು" ಅಂದ. ಬೀದಿಯವರೆಲ್ಲ ನೋಡುತ್ತಿದ್ದರಲ್ಲ, ಮರ್ಯಾದೆಗೆ ಹೆದರಿ ದೊಡ್ಡವನು ಬೇರೆ ಡಬ್ಬ ತಂದ. ಅದೇ ರಿಪೇರಿಯವನು ಬಂದು ಹೆಸರು, ಪಾಸ್‌ವರ್ಡು ಒತ್ತಿ ಮೇಲಿಂದ ಇಳಿಸಿದ. ನೋಡನೋಡುತ್ತಾ ಹೊಲ ಬಂತು, ಬಾವಿ ಬಂತು, ಬಿಳಿ ಹಸು ಗಂಟೆ ಆಡಿಸುತ್ತಾ ಬಂತು. ತಮ್ಮ ಕಣ್ಣೊರೆಸಿಕೊಂಡ.

"ರೀಚಾರ್ಜ್ ಇರೋತನಕ ಮೇಲೆ ಭದ್ರವಾಗಿರ್ತದೆ ಯಜಮಾನ್ರೆ. ನಿಲ್ಲಿಸಿದ್ರೆ ಕೆಲವು ತಿಂಗಳು ಕಾಯ್ತಾರೆ, ಆಮೇಲೆ ಅಳಿಸಾಕ್ತಾರೆ."

ದೊಡ್ಡವನು ಎದೆ ಉಬ್ಬಿಸಿದ. "ಹೆಂಗೆ ನಿಲ್ತದೆ? ಇಬ್ರು ಗಂಡುಮಕ್ಳಿದ್ದೀವಿ."

"ಇಬ್ರು ಇದ್ದೀರಾ?" ರಿಪೇರಿಯವನು ತಮ್ಮನ ಕಡೆ ತಿರುಗಿದ. "ಹಂಗಾದ್ರೆ ಸ್ವಲ್ಪ ಹುಷಾರಾಗಿರಿ."

ಯಾರದ್ದೂ ಅಲ್ಲದ ತಿಂಗಳು

ಮುಂದಿನ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ಅಮಾವಾಸ್ಯೆ ಬಂತು, ದೊಡ್ಡವನ ತಿಂಗಳು ಮುಗಿಯಿತು. ತಮ್ಮ ಬ್ಯಾಗು ತುಂಬಿಕೊಂಡು ಕೂತ. ಸಿರಾದಿಂದ ಚಿಕ್ಕವನು ಬರಲಿಲ್ಲ. ನಾನೇ ಫೋನು ಮಾಡಿಸಿದೆ.

"ಅತ್ತೆ, ನಾಳೆಯಿಂದ ಅಧಿಕ ಮಾಸ. ಅದು ಲೆಕ್ಕಕ್ಕೆ ಬರಲ್ಲ" ಅಂದ. "ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಅಪ್ಪನ್ನ ಹೆಂಗೆ ಮನೆ ತುಂಬಿಸ್ಕೊಳ್ಳಲಿ? ಮುಂದಿನ ತಿಂಗಳು ಬರಲಿ ಬುಡಿ."

ದೊಡ್ಡವನನ್ನು ಕೇಳಿದೆ. "ನನ್ನ ತಿಂಗಳು ಮುಗೀತಲ್ಲ ಅತ್ತೆ. ಅವನದ್ದು ಅವನು ನೋಡ್ಕೊಳ್ಳಿ" ಎಂದು ಅಪ್ಪನ ಬ್ಯಾಗನ್ನು ನನ್ನ ಜಗಲಿ ಮೇಲೆ ಇಟ್ಟು, ತಾನು ಹೆಂಡತಿ ಜೊತೆ ಪಾವಗಡಕ್ಕೆ ಹೊರಟ. ಅಧಿಕ ಮಾಸದಲ್ಲಿ ಅಳಿಯನನ್ನು ಕರೆದು ಒಬ್ಬಟ್ಟು ಬಡಿಸಿ ಬೆಳ್ಳಿ ದೀಪ ಕೊಡುತ್ತಾರಂತೆ. ಮಾವನ ಮನೆಯಲ್ಲಿ ಅದು ಲೆಕ್ಕಕ್ಕಿದೆ, ಅಪ್ಪನ ಪಾಲಿಗೆ ಮಾತ್ರ ಇಲ್ಲ!

ರೀಚಾರ್ಜ್ ಮುಗಿಯುತ್ತದೆ ಎಂದು ಕಂಪನಿಯಿಂದ ಮೆಸೇಜು ಬಂತು. ದೊಡ್ಡವನು ಅದನ್ನು ಚಿಕ್ಕವನಿಗೆ ಕಳಿಸಿದ, ಕೆಳಗೆ ಕೈ ಮುಗಿಯುವ ಗೊಂಬೆ ಹಾಕಿ. ಚಿಕ್ಕವನು ಹಾಗೇ ಅದನ್ನು ದೊಡ್ಡವನಿಗೆ ವಾಪಸು ಕಳಿಸಿದ, ಗೊಂಬೆ ಸಮೇತ. ಹೀಗೆ ಒಬ್ಬರಿಗೊಬ್ಬರು ಕೈ ಮುಗಿಯುತ್ತಲೇ ರೀಚಾರ್ಜ್ ಮುಗಿದುಹೋಯಿತು.

ತಿಂಗಳು ಕಳೆದರೂ ಬಗೆಹರಿಯಲಿಲ್ಲ. ಅಧಿಕ ಮಾಸವನ್ನು ತಪ್ಪಿಸಿಕೊಂಡಿದ್ದಕ್ಕೆ ಚಿಕ್ಕವನು ಈಗ ಎರಡು ತಿಂಗಳು ಇಟ್ಟುಕೊಳ್ಳಬೇಕೆಂದು ದೊಡ್ಡವನ ವಾದ. ಒಂದೇ ಎಂದು ಚಿಕ್ಕವನು. ಒಂದೋ ಎರಡೋ ಇತ್ಯರ್ಥ ಆಗುವ ಮುಂಚೆ ಅಪ್ಪನನ್ನು ಒಳಗೆ ಕರೆದರೆ ಎರಡೂ ತಲೆಗೆ ಬರುತ್ತದಲ್ಲ, ಕರೆಯಲಿಲ್ಲ. ಹಿರೀಕರು ಆಷಾಢದಲ್ಲಿ ನ್ಯಾಯ ಬೇಡವೆಂದರು, ಶ್ರಾವಣದಲ್ಲಿ ಪುರುಸೊತ್ತಿಲ್ಲವೆಂದರು. ತಮ್ಮ ನನ್ನ ಮನೆಯಲ್ಲೇ ಉಳಿದ. ಸಂಜೆಯಾದರೆ ಎದ್ದು ಓಡಾಡುವನು. "ಅಕ್ಕ, ಹಸುನ ಒಳಗೆ ಕಟ್ಟೋರು ಯಾರು?"

ದೊಡ್ಡವನ ಮನೆಯಲ್ಲಿ ನೋಡಿ ಬರುತ್ತೇನೆಂದು ಒಂದು ದಿನ ಕುಂಟುತ್ತಾ ಹೋದ. ಗಣೇಶನ ಹಬ್ಬದ ಎಕ್ಸ್‌ಚೇಂಜಿನಲ್ಲಿ ಡಬ್ಬ ಕೊಟ್ಟು ಫ್ರಿಜ್ಜು ತಂದಿದ್ದರು. "ಮೇಲೆ ಐತಲ್ಲಪ್ಪ, ಎಲ್ಲಿಗೋಗ್ತದೆ? ತಮ್ಮನ ಡಬ್ಬದಲ್ಲಿ ಇಳಿಸ್ಕೋ" ಎಂದು ದೊಡ್ಡವನು ಸಮಾಧಾನ ಮಾಡಿದನಂತೆ.

ಪಿತೃಪಕ್ಷ ಬಂದಾಗ ಮಾತ್ರ ಇಬ್ಬರೂ ಚುರುಕಾದರು. ಸತ್ತ ತಾತನಿಗೆ ಎರಡೂ ಮನೆಯಲ್ಲಿ ವಡೆ ಪಾಯಸದ ಎಡೆ ಇಟ್ಟರು. ಇವರ ಅಪ್ಪ ನನ್ನ ಮನೆಯ ಉಪ್ಪಿಟ್ಟು ತಿನ್ನುತ್ತಾ ಹೇಳಿದ, "ಊಟ ಸಿಗಬೇಕಾದ್ರೆ ಅಷ್ಟು ದೂರ ಹೋಗಬೇಕಾಗ್ತದೆ ಅಕ್ಕ."

ಎರಡು ಟಗರು

ದಸರಾ ಕಳೆದ ಮೇಲೆ ಹಿರೀಕರು ಒಂದೇ ತಿಂಗಳು ಎಂದು ತೀರ್ಪು ಕೊಟ್ಟರು. ತಮ್ಮನನ್ನು ಸಿರಾಕ್ಕೆ ನಾನೇ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಜೀವಮಾನವೆಲ್ಲ ಟಿಕೆಟು ಹರಿದವನು ದುಡ್ಡು ಕೊಟ್ಟು ಟಿಕೆಟು ತೆಗೆದುಕೊಂಡು ನನ್ನ ಪಕ್ಕ ಕೂತ. ದಾರಿಯುದ್ದಕ್ಕೂ ಹಸುವಿನದೇ ಮಾತು.

ಒಳಗೆ ಹೋದವನು ನೀರು ಸಹ ಕುಡಿಯದೆ ಟೀವಿ ಮುಂದೆ ಕೂತ. ಚಿಕ್ಕವನು ರೀಚಾರ್ಜ್ ಮಾಡಿದ, ಹೆಸರು ಒತ್ತಿದ, ಪಾಸ್‌ವರ್ಡು ಒತ್ತಿದ. ಹೊಲ ಇಲ್ಲ. ಬಾವಿ ಇಲ್ಲ. ಹೊಸದಾಗಿ ಶುರು ಮಾಡಬೇಕೇ ಎಂದು ಕೇಳುತ್ತಾ ನಿಂತಿತು.

"ಈ ಡಬ್ಬದಲ್ಲಿ ಹೋದ್ಸಲ ಇಳಿಸ್ಕೊಂಡ ಹೊಲ ಇತ್ತಲ್ಲಪ್ಪಾ, ಅದನ್ನಾದ್ರೂ ತೋರ್ಸು" ಅಂದ ತಮ್ಮ.

ಚಿಕ್ಕವನು ತಲೆ ಕೆರೆದುಕೊಂಡ. "ಕ್ರಿಕೆಟ್ ಗೇಮಿಗೆ ಜಾಗ ಸಾಲಲಿಲ್ಲ, ಅಳಿಸಿದೆ. ಮೇಲೆ ಐತೆ ಅಂತ..." ಹೆಂಡತಿ ಪಕ್ಕದಿಂದ ದೊಡ್ಡವನಿಗೆ ಫೋನು ಹಚ್ಚಿಕೊಟ್ಟಳು. ಇಬ್ಬರೂ ಸ್ಪೀಕರಿನಲ್ಲಿ ಕಿತ್ತಾಡಿದರು. "ನೀನು ಕಟ್ತೀಯ ಅಂದ್ಕೊಂಡೆ." "ನೀನು ಇಟ್ಕೊಂಡಿರ್ತೀಯ ಅಂದ್ಕೊಂಡೆ." ಕಂಪನಿಯವರು ಕಾಯುವಷ್ಟು ಕಾದು ಅಳಿಸಿ ಹಾಕಿದ್ದರು.

ತಮ್ಮ ರಿಮೋಟನ್ನು ಮೆಲ್ಲಗೆ ಟೀಪಾಯಿ ಮೇಲಿಟ್ಟ. ಬ್ಯಾಗು ಇನ್ನೂ ಬಿಚ್ಚಿರಲಿಲ್ಲ. "ನಡಿ ಅಕ್ಕ, ಬಸ್ಸಿಗೆ ಹೊತ್ತಾಯ್ತು" ಅಂದ.

ಮಧುಗಿರಿಗೆ ಬಂದು ನಾನು ಸುಮ್ಮನಿರುತ್ತೇನೆಯೇ? ಸತ್ತ ತಾಯಿಯನ್ನು ಗಂಡುಮಕ್ಕಳು ಎರಡನೇ ಸಲ ಕಳೆದರು ಎಂದು ಹಾಲು ಹಾಕುವವನಿಂದ ಹಿಡಿದು ಹೂ ಮಾರುವವಳತನಕ ಹೇಳಿದೆ. ಪಾತ್ರೆ ಅಂಗಡಿಗೆ ಬಂದ ಗಿರಾಕಿಗಳು ಚೊಂಬಿನ ಬೆಲೆ ಬಿಟ್ಟು ಹಸುವಿನ ಸುದ್ದಿ ಕೇಳತೊಡಗಿದರು. ವಾರ ಕಳೆಯುವುದರೊಳಗೆ ಚಿಕ್ಕವನ ಡಬ್ಬ ನನ್ನ ಮನೆಗೆ ಬಂತು. ಒಬ್ಬರಿಗಿಂತ ಒಬ್ಬರು ಮುಂದಾಗಿ ಇಬ್ಬರೂ ಇಡೀ ವರ್ಷದ ರೀಚಾರ್ಜ್ ಕಟ್ಟಿದರು. ಕಾಯಲು ಏನೂ ಇಲ್ಲದ ಮೇಲೆ ಕಾವಲು ಬಲು ಜೋರು. ನಮ್ಮಿಬ್ಬರ ಬಾಯಿ ಮುಚ್ಚಿಸಲು ತಂದ ಆಟ ಈಗ ನನ್ನ ಟೀವಿಯಲ್ಲೇ ನಡೆಯುತ್ತದೆ.

ತಮ್ಮ ಮತ್ತೆ ಉತ್ತಿದ್ದಾನೆ, ಬಿತ್ತಿದ್ದಾನೆ. ಹಸು ಮಾತ್ರ ಕಟ್ಟಿಲ್ಲ. ಇನ್ನೊಂದು ತಗೋ, ಅದೇ ಹೆಸರಿಡು ಅಂದೆ. "ಅವಳು ಬಂದು ನೋಡಿದ್ರೆ ಬೇಜಾರು ಮಾಡ್ಕೊಂತಾಳೆ" ಅಂದ. ಸಂಜೆಯಾದರೆ ಖಾಲಿ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತಾನೆ. ನಾನು ಆಗ ಒಳಗೆ ಹೋಗಿ ಏನಾದರೂ ಪಾತ್ರೆ ತೊಳೆಯುತ್ತೇನೆ.

ಆದರೆ ಎರಡು ಟಗರು ಸಾಕಿದ. ಅವಕ್ಕೆ ಇಬ್ಬರು ಮಕ್ಕಳ ಹೆಸರನ್ನೇ ಇಟ್ಟ. ದಿನಾ ಬೆಳಿಗ್ಗೆ ಬೀದಿಗೆಲ್ಲ ಕೇಳುವಂತೆ, ಬಸ್ ಸ್ಟಾಪು ಕೂಗುವ ದನಿಯಲ್ಲಿ, ಹೆಸರು ಹಿಡಿದು ಬಯ್ಯುತ್ತಿದ್ದ. "ಲೇ, ಎಷ್ಟು ತಿಂತೀಯ್ಲಾ! ಅವನ ಪಾಲಿಗೆ ಬಾಯಿ ಹಾಕಬ್ಯಾಡ!" ದೊಡ್ಡ ಸೊಸೆ ಕಿಟಕಿ ಮುಚ್ಚಿಕೊಳ್ಳುವಳು. ಕೊಬ್ಬಿದ ಮೇಲೆ ಒಂದು ದಿನ ಎರಡನ್ನೂ ಆಟದೊಳಗಿನ ಸಂತೆಗೆ ಹೊಡೆದುಕೊಂಡು ಹೋಗಿ ಬರಿಗೈಲಿ ವಾಪಸು ಬಂದ. ನಾನು ಆ ಸುದ್ದಿಯನ್ನು ಎರಡೂ ಮನೆಗೆ ಮುಟ್ಟಿಸಿದೆ.

ಮಾರನೇ ದಿನ ಭಾನುವಾರ. ದೊಡ್ಡವನು ಬಂದ, ಸಿರಾದಿಂದ ಚಿಕ್ಕವನೂ ಬಂದ. ನಡುಮನೆಯ ಎರಡು ತುದಿಯಲ್ಲಿ ಕೂತರು. ಅಪ್ಪನ ಕಾಲಿಗೆ ಬೀಳುತ್ತಾರೋ, ಅಳುತ್ತಾರೋ ಎಂದು ನಾನು ಬಾಗಿಲ ಸಂದಿಯಲ್ಲಿ ಉಸಿರು ಹಿಡಿದು ನಿಂತಿದ್ದೆ. ದೊಡ್ಡವನು ಗಂಟಲು ಸರಿಮಾಡಿಕೊಂಡ.

"ಅಲ್ಲಪ್ಪಾ, ಯಾವುದು ಹೆಚ್ಚು ರೇಟಿಗೆ ಹೋಯ್ತು? ನನ್ನ ಹೆಸರಿಂದಾ, ಅವನ ಹೆಸರಿಂದಾ?"

ಚಿಕ್ಕವನೂ ಕಿವಿ ನಿಗುರಿಸಿದ.

ತಮ್ಮ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಎರಡನ್ನೂ ಯಾರೂ ಕೇಳಲಿಲ್ಲ ಕಣ್ಲಾ. ಒಂದು ಬುಟ್ಟಿ ಕುಂಬಳಕಾಯಿ ತಗೊಂಡೋನಿಗೆ ಪುಕ್ಕಟೆ ಹೊಡೆದು ಕಳಿಸ್ಬುಟ್ಟೆ."