ಲಿಂಗರಾಜರು ಎಮ್ಮೆಯೆಂದು ನೋಂದಣಿಯಾದ ಬಗೆ

ಪಶು ದವಾಖಾನೆಗಳಲ್ಲಿ ರೋಗಿಯು ಮೊಬೈಲಿನ ಕ್ಯಾಮೆರಾದ ಎದುರು ಮುಖ ತೋರಿಸಿ, ತಾನು ಬದುಕಿರುವುದರ ಗುರುತಾಗಿ ಎರಡು ಸಲ ಕಣ್ಣು ಮಿಟುಕಿಸದ ಹೊರತು ಔಷಧಿ ಕೊಡತಕ್ಕದ್ದಲ್ಲ ಎಂಬ ಸುತ್ತೋಲೆ ಕಳೆದ ಜೂನ್ ತಿಂಗಳಿನಿಂದ ಜಾರಿಯಲ್ಲಿದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಸತ್ತ ದನಗಳ ಹೆಸರಿನಲ್ಲಿ ಔಷಧಿ ಖರ್ಚಾಗುತ್ತಿದೆಯೆಂದು ಮೇಲಿನವರಿಗೆ ಅನುಮಾನ ಬಂದಿತ್ತು. ಮೇಲಿನವರಿಗೆ ಅನುಮಾನ ಬಂದ ಮೇಲೆ ಕೆಳಗಿನವರು ಕಣ್ಣು ಮಿಟುಕಿಸಲೇಬೇಕು.

ಜಹೀರಾಬಾದಿನಿಂದ ಕೊಹೀರಿಗೆ ಹೋಗುವ ದಾರಿಯಲ್ಲಿ, ಕೈ ಮಾಡಿದರೂ ಬಸ್ಸು ನಿಲ್ಲದ ಒಂದು ಊರಿನ ಪಶು ದವಾಖಾನೆಯಲ್ಲಿ ಈ ನಿಯಮವನ್ನು ಬಹು ನಿಷ್ಠೆಯಿಂದ ಪಾಲಿಸುತ್ತಿದ್ದರು. ಅಲ್ಲಿ ನೌಕರರೆಂದರೆ ಇಬ್ಬರು. ಡಾಕ್ಟರ್ ಯಾಮಿನಿ ಮೇಡಂ ಅವರ ಮೂಲ ಹುದ್ದೆ ನಾರಾಯಣಖೇಡದಲ್ಲಿ, ಹೆಚ್ಚುವರಿ ಹೊಣೆ ಇಲ್ಲಿ. ವಾರಕ್ಕೆ ಎರಡು ದಿನ ಸ್ಕೂಟಿಯ ಮೇಲೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಜವಾನ ದೇವಿದಾಸನೇ ಡಾಕ್ಟರು, ಕಂಪೌಂಡರು ಮತ್ತು ಕಸ ಗುಡಿಸುವವನು. ಮೂರನೆಯವರಾಗಿ, ಸಂಬಳವಿಲ್ಲದೆ, ಹುದ್ದೆಯೂ ಇಲ್ಲದೆ, ಆದರೆ ಎಲ್ಲರಿಗಿಂತ ಮೊದಲು ಬಂದು ಬಾಗಿಲ ಮುಂದೆ ನಿಲ್ಲುತ್ತಿದ್ದವರು ಲಿಂಗರಾಜರು.

ಲಿಂಗರಾಜರು ಬಿ.ಎ. ಪದವೀಧರರು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಮೂವತ್ತನಾಲ್ಕು ವರ್ಷ ಕಬ್ಬಿನ ಗಾಡಿ ತೂಗಿ ನಿವೃತ್ತರಾದವರು. ನಿವೃತ್ತಿಯ ಮೊದಲ ಹನ್ನೊಂದು ದಿನ ಮನೆಯಲ್ಲಿದ್ದರು. ಆ ಅವಧಿಯಲ್ಲಿ ಅಡುಗೆಮನೆಯ ಅಷ್ಟೂ ಡಬ್ಬಿಗಳನ್ನು ತೂಗಿ, ಡಬ್ಬಿಯ ತೂಕ ಬೇರೆ, ಬೇಳೆಯ ತೂಕ ಬೇರೆ ಎಂದು ಚೀಟಿ ಅಂಟಿಸಿದರು. ಹನ್ನೆರಡನೆಯ ದಿನ ಅವರ ಹೆಂಡತಿ ಕಾಂತಾಬಾಯಿ ಬಾಗಿಲತ್ತ ಕೈ ತೋರಿಸಿದರು.

"ದವಾಖಾನ್ಯಾಗ ದನಾ ಹಿಡ್ಯಾಕ ಮಂದಿ ಇಲ್ಲಂತ. ಅಲ್ಲಿ ಹೋಗ್ರಿ. ನೀವು ಎಷ್ಟರೆ ಮಾತಾಡ್ರಿ, ಅವು ಎದುರು ಮಾತಾಡಂಗಿಲ್ಲ."

ಲಿಂಗರಾಜರಿಗೆ ಇದಕ್ಕಿಂತ ದೊಡ್ಡ ಸುಖ ಇನ್ನೊಂದಿರಲಿಲ್ಲ. ಕೊಂಬು ಹಿಡಿಯುವುದು, ಬಾಲ ತಿರುಚುವುದು, ಔಷಧಿಯ ಬಾಟಲಿಯನ್ನು ಬಿಸಿನೀರಿನಲ್ಲಿಡುವುದು, ಸರದಿಯಲ್ಲಿ ಕಾಯುವ ಆಡುಗಳಿಗೆ ಎಂಬತ್ತೊಂಬತ್ತರ ಕಬ್ಬಿನ ಹಂಗಾಮಿನ ವೃತ್ತಾಂತವನ್ನು ಹೇಳುವುದು, ಇವೆಲ್ಲ ತಾವಾಗಿ ಅವರ ಪಾಲಿಗೆ ಬಂದವು. ಜೂನ್ ತಿಂಗಳ ನಂತರ ಕಣ್ಣು ಮಿಟುಕಿಸುವ ಕೆಲಸವೂ ಸೇರಿಕೊಂಡಿತು.

ಆಡು ಬೇಗ ಮಿಟುಕಿಸುತ್ತದೆ. ಎತ್ತು ಸ್ವಲ್ಪ ಅವಮಾನಪಟ್ಟುಕೊಂಡು ಮಿಟುಕಿಸುತ್ತದೆ. ಕೋಳಿಯ ಎರಡು ಕಣ್ಣೂ ಒಂದೇ ಫೋಟೋದಲ್ಲಿ ಬಾರದ ಕಾರಣ ಅದನ್ನು ಎರಡು ಅರ್ಧ ಕೋಳಿಗಳೆಂದು ಬರೆದುಕೊಳ್ಳಲು ಮೌಖಿಕ ಅನುಮತಿ ಸಿಕ್ಕಿತ್ತು. ಕಷ್ಟವಾದದ್ದು ಎಮ್ಮೆ. ಸರಕಾರವನ್ನು ರೆಪ್ಪೆ ಅಲುಗಿಸದೆ ನೋಡಬಲ್ಲ ಪ್ರಾಣಿ ಅದೊಂದೇ. ದೇವಿದಾಸನು ಅದರ ಕಣ್ಣಿಗೆ ಬಾಯಿಂದ ಗಾಳಿ ಊದುವ ಒಂದು ಕ್ರಮವನ್ನು ರೂಢಿಸಿಕೊಂಡಿದ್ದನು. ಮೊಬೈಲ್ ಒಪ್ಪಿಕೊಂಡರೆ ನಾಲ್ಕು ಅಂಕಿ ಬರುತ್ತದೆ. ಆ ಅಂಕಿ ಒತ್ತಿದರೆ ಮಾತ್ರ ಔಷಧಿಯ ಅಲಮಾರಿಯ ಬೀಗ ತೆರೆಯುತ್ತದೆ.

ಹೀಗಿರಲು ಜುಲೈ ತಿಂಗಳ ಒಂದು ಬುಧವಾರ ಬೆಳಿಗ್ಗೆ, ದವಾಖಾನೆಯ ಹಿಂದಿನ ಓಣಿಯ ಜನಾಬಾಯಿ ಸೆರಗು ಕಟ್ಟಿಕೊಂಡು ಓಡಿ ಬಂದಳು.

"ಮೇಡಮ್ಮೋರೆ, ನನ್ನ ಚಂದ್ರಿ ಏಳವಲ್ಲಳ್ರಿ! ನಿನ್ನಿ ಈದಾಳ, ಇವತ್ತು ಕಿವಿ ಥಣ್ಣಗ ಆಗ್ಯಾವ. ಕುತಗಿ ಹೊಟ್ಟಿಗೆ ತಿರುವಿ ಮಲಗ್ಯಾಳ!"

ಯಾಮಿನಿ ಮೇಡಂ ಅವಳ ಕೊಟ್ಟಿಗೆಗೆ ಬಂದು ನೋಡಿದೊಡನೆ ಹೇಳಿದರು: ಹಾಲುಜ್ವರ. ಹೆಸರು ಜ್ವರ, ಮೈ ಮಾತ್ರ ಮಂಜುಗಡ್ಡೆ. ಕರು ಹಾಕಿದ ಎಮ್ಮೆಯ ರಕ್ತದ ಸುಣ್ಣವೆಲ್ಲ ಹಾಲಿಗಿಳಿದು ಹೀಗಾಗುತ್ತದೆ. ಕ್ಯಾಲ್ಸಿಯಂ ಬಾಟಲಿ ನರಕ್ಕೆ ಏರಿಸಿದರೆ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ, ಏರಿಸದಿದ್ದರೆ ಮತ್ತೆ ಏಳುವುದಿಲ್ಲ.

"ಏರಸ್ರಿ ಮತ್ತ!" ಎಂದಳು ಜನಾಬಾಯಿ. ಅವಳಿಗಿದ್ದದ್ದು ಅದೊಂದೇ ಎಮ್ಮೆ. ಮೇಲಾಗಿ ತಾಂಡೂರಿನ ಆಚೆಯ ಯಾಲಾಲಕ್ಕೆ ಕೊಟ್ಟ ಮಗಳು ಮಾಧುರಿ ಬಸುರಿ. ಹೆರಿಗೆಯಾದೊಡನೆ ಎಮ್ಮೆ ಕರು ಎರಡನ್ನೂ ಕಳಿಸುತ್ತೇನೆ, ಮೊಮ್ಮಗು ಮನೆಯ ಹಾಲು ಕಂಡು ಬೆಳೆಯಲಿ ಎಂದು ಬೀಗರ ಎದುರಿಗೆ ಮಾತು ಕೊಟ್ಟಿದ್ದಳು.

"ಮೊದಲು ನೋಂದಣಿ," ಎಂದರು ಮೇಡಂ, ಸಿರಿಂಜು ಕೈಯಲ್ಲೇ ಹಿಡಿದು.

ಲಿಂಗರಾಜರು ಮೇವಿನ ಗೋದಲಿಯ ಬಳಿ ಮಂಡಿಯೂರಿ ಚಂದ್ರಿಯ ತಲೆಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೊಂಬು ಹಿಡಿದರು. ದೇವಿದಾಸ ಒಂದು ಕೈಯಲ್ಲಿ ಮೊಬೈಲ್ ಹಿಡಿದು ಊದಿದ. ಚಂದ್ರಿ ಮಿಟುಕಿಸಲಿಲ್ಲ. ಮತ್ತೆ ಊದಿದ. ಚಂದ್ರಿಯ ಕಣ್ಣು ಎಲ್ಲೋ ದೂರ ನೋಡುತ್ತಿತ್ತು.

"ಏ ದೇವಿದಾಸ, ಜಲ್ದಿ ಊದೋ, ನನ್ನ ಜೀವ ಹೊಂಟದ!" ಎಂದು ಜನಾಬಾಯಿ ಅವನ ಬೆನ್ನಿಗೆ ಗುದ್ದಿದಳು. ಗುದ್ದಿದ ರಭಸಕ್ಕೆ ದೇವಿದಾಸನ ಬಾಯಲ್ಲಿದ್ದ ಗಾಳಿಯೆಲ್ಲ, ಅದರ ಜೊತೆಗೆ ಒಂದಿಷ್ಟು ತಂಬಾಕಿನ ಪುಡಿಯೂ, ನೇರ ಹೋಗಿ ಲಿಂಗರಾಜರ ಮುಖಕ್ಕೆ ಬಡಿಯಿತು. ಲಿಂಗರಾಜರು ಎರಡು ಸಲ ಕಣ್ಣು ಮಿಟುಕಿಸಿದರು.

ಮೊಬೈಲ್ ಮಂಗಳಕರವಾದ ಒಂದು ಸದ್ದು ಮಾಡಿ ಹೀಗೆಂದಿತು: 'ಅಭಿನಂದನೆಗಳು. ಮುರ್ರಾ ಮಿಶ್ರ ತಳಿ, ಹೆಣ್ಣು, ಮೊದಲ ಸೂಲು. ನಿಮ್ಮ ಎಮ್ಮೆ ಜೀವಂತವಾಗಿದೆ.'

ನಾಲ್ಕು ಅಂಕಿಯೂ ಬಂತು. ತಿದ್ದಲು ವೇಳೆ ಇರಲಿಲ್ಲ. ದೇವಿದಾಸ ಅಲಮಾರಿಗೆ ಓಡಿದ, ಬಾಟಲಿ ಬಂತು, ಮೇಡಂ ಕುತ್ತಿಗೆಯ ನರ ಹಿಡಿದು ನಿಧಾನಕ್ಕೆ ಏರಿಸಿದರು. ಇಪ್ಪತ್ತೈದು ನಿಮಿಷಕ್ಕೆ ಚಂದ್ರಿ ನಡುಗಿ, ತೇಗಿ, ಎದ್ದು ನಿಂತು, ಧಾರಾಳವಾಗಿ ಸಗಣಿ ಹಾಕಿದಳು. ಜನಾಬಾಯಿ ಅತ್ತಳು. ಲಿಂಗರಾಜರೂ ಅತ್ತರು, ಆದರೆ ಅದು ತಂಬಾಕಿನ ಸಲುವಾಗಿ ಎಂದು ಇಂದಿಗೂ ಹೇಳುತ್ತಾರೆ.

ದಾಖಲೆಯನ್ನು ತಿದ್ದುವ ಪ್ರಯತ್ನವನ್ನು ಮರುದಿನವೇ ಮಾಡಲಾಯಿತು.

"ಒಮ್ಮೆ ದಾಖಲಾದ ಪ್ರಾಣಿಯನ್ನು ತೆಗೆಯಲು ಎರಡೇ ಕಾರಣಗಳಿಗೆ ಅವಕಾಶವಿದೆ," ಎಂದು ಮೇಡಂ ಮೊಬೈಲ್ ನೋಡಿ ಓದಿದರು. "ಒಂದು ಮರಣ, ಇನ್ನೊಂದು ಕಳವು."

ದೇವಿದಾಸ ಲಿಂಗರಾಜರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮರಣ ಬ್ಯಾಡ್ರಿ ಕಾಕಾ. ಕಳವು ಅಂತ ಬರಸೋಣೇನು?"

"ನನ್ನ ಯಾರು ಕದಿತಾರೋ?"

"ಅದೂ ಖರೇನೇ," ಎಂದ ದೇವಿದಾಸ. ಆ ವಿಷಯವನ್ನು ಅಲ್ಲಿಗೇ ಕೈಬಿಟ್ಟರು.

ಮುಂದಿನ ವ್ಯವಹಾರ ಸುಗಮವಾಗಿ ನಡೆಯಿತು. ಚಂದ್ರಿಗೆ ಜಂತುಹುಳದ ಔಷಧಿ ಬೇಕಾದಾಗ ಲಿಂಗರಾಜರು ಬಂದು ಮಿಟುಕಿಸುವರು, ಚಂದ್ರಿ ಕುಡಿಯುವಳು. ಕಾಲುಬಾಯಿ ಜ್ವರದ ಲಸಿಕೆಯ ದಿನ ಫೋಟೋ ಇವರದು, ಸೂಜಿ ಅವಳದು. ಕರು ಮಾತ್ರ ಮೊದಲ ಸಲಕ್ಕೇ ಚೆನ್ನಾಗಿ ಮಿಟುಕಿಸಿ ತನ್ನ ಸ್ವಂತ ಮುಖದಿಂದಲೇ ನೋಂದಣಿಯಾಯಿತು. ತಾಯಿಯ ಕಾಲಂನಲ್ಲಿ ಲಿಂಗರಾಜರ ಫೋಟೋ ತಾನಾಗಿ ಬಂದು ಕುಳಿತಿತು. ಅವರು ಆ ಫೋಟೋವನ್ನು ಕನ್ನಡಕ ಹಾಕಿ ನೋಡಿ, ಕಾರ್ಖಾನೆಯ ಗುರುತಿನ ಚೀಟಿಯಲ್ಲಿದ್ದುದಕ್ಕಿಂತ ಇದೇ ಚಲೋ ಬಂದಿದೆ ಎಂದರು.

ಆಗಸ್ಟಿನಲ್ಲಿ ಜನಾಬಾಯಿಗೆ ಒಂದು ನೋಟಿಸು ಬಂತು. 'ನಿಮ್ಮ ಎಮ್ಮೆಯ ತೂಕ ಫೋಟೋದ ಪ್ರಕಾರ ಐವತ್ತೊಂಬತ್ತು ಕಿಲೋ ಮಾತ್ರ ಇರುತ್ತದೆ. ಹಾಲು ಕರೆಯುವ ಪ್ರಾಣಿಯನ್ನು ಈ ಸ್ಥಿತಿಯಲ್ಲಿ ಇಟ್ಟಿರುವುದು ಖಂಡನೀಯ. ಒಂದು ತಿಂಗಳೊಳಗೆ ತೂಕ ಹೆಚ್ಚಿಸದಿದ್ದರೆ ಚಿಕಿತ್ಸೆ ನಿಲ್ಲಿಸಲಾಗುವುದು.'

ತೂಕದ ವಿಷಯದಲ್ಲಿ ಮೊಬೈಲ್ ತಪ್ಪಿರಲಿಲ್ಲ. ಲಿಂಗರಾಜರು ವೃತ್ತಿಧರ್ಮಕ್ಕೆ ಕಟ್ಟುಬಿದ್ದು ಅದನ್ನು ಒಪ್ಪಿಕೊಂಡರು. ಅಂದಿನಿಂದ ಜನಾಬಾಯಿ ದಿನಾ ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಮೇಲೆ ಚಂದ್ರಿಯ ಹಾಲಿನ ಕೆನೆ ಕಟ್ಟಿಕೊಂಡು ದವಾಖಾನೆಗೆ ಬರತೊಡಗಿದಳು.

"ಕಾಕಾ, ಇನ್ನೊಂದು ರೊಟ್ಟಿ ತಿನ್ರಿ. ನೀವು ತಿಂದ್ರ ನನ್ನ ಚಂದ್ರಿಗಿ ಔಷಧ."

"ಸಾಕವ್ವಾ, ಹೊಟ್ಟಿ ಒಡಿತದ."

"ಒಡಿಲಿ. ಒಡದ್ರ ಮೇಡಮ್ಮೋರು ಇಲ್ಲೇ ಅದಾರ."

ಕಾಂತಾಬಾಯಿ ಇದನ್ನು ಕೇಳಿ ಸಿಟ್ಟಾಗುತ್ತಾರೆಂದು ದೇವಿದಾಸ ಹೆದರಿದ್ದ. ಅವರು ಕೇಳಿದ್ದು ಒಂದೇ ಮಾತು: "ಮಧ್ಯಾಹ್ನದ್ದು ಅಕಿ ನೋಡ್ಕೊಂಡ್ರ, ರಾತ್ರಿದೂ ನೋಡ್ಕೋತಾಳೇನು ಕೇಳ್ರಿ." ಸೆಪ್ಟೆಂಬರಿನಲ್ಲಿ ತೂಕ ಅರವತ್ತಾರಕ್ಕೆ ಏರಿತು. 'ಪ್ರಗತಿ ತೃಪ್ತಿಕರ' ಎಂದು ಮೊಬೈಲ್ ಹೇಳಿತು.

ಅಕ್ಟೋಬರ್ ಎರಡನೆಯ ವಾರ ಯಾಲಾಲದಿಂದ ಫೋನು ಬಂತು. ಮಾಧುರಿಗೆ ಹೆಣ್ಣುಮಗು. ಕೊಟ್ಟ ಮಾತಿನಂತೆ ಎಮ್ಮೆ ಕಳಿಸುವ ಹೊತ್ತು ಬಂದಿತ್ತು. ಆದರೆ ದನಗಳನ್ನು ವಾಹನದಲ್ಲಿ ಸಾಗಿಸಲು ಆರೋಗ್ಯ ಪ್ರಮಾಣಪತ್ರ ಬೇಕು, ಪ್ರಮಾಣಪತ್ರದ ಮೇಲೆ ಫೋಟೋ ಇರುತ್ತದೆ, ಮತ್ತು ಪತ್ರವಿಲ್ಲದ ಪ್ರಾಣಿಯನ್ನು ತಪಾಸಣೆಯವರು ದಾರಿಯಲ್ಲೇ ಇಳಿಸಿಕೊಳ್ಳುತ್ತಾರೆ.

"ಚಂದ್ರಿನ್ನ ಇಳಿಸ್ಕೊಂಡ್ರ ನಾ ಬೀಗರಿಗಿ ಮಾರಿ ಹ್ಯಾಂಗ ತೋರಸ್ಲಿ?" ಎಂದು ಜನಾಬಾಯಿ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಲಿಂಗರಾಜರು ಟೋಪಿ ತೆಗೆದು ತಲೆ ಸವರಿಕೊಂಡರು. "ಅಳಬ್ಯಾಡವ್ವಾ. ಪತ್ರದಾಗ ಯಾರ ಮಾರಿ ಅದನೋ ಅವರು ಗಾಡ್ಯಾಗ ಇದ್ರ ಆತಲ್ಲ? ನಾ ಹೋಗ್ತೀನಿ. ತಾಂಡೂರಿನ ಕಡಿ ಹೋಗದೆ ಬಾಳ ವರ್ಷ ಆತು."

ಯಾಮಿನಿ ಮೇಡಂ ವಿಧಿವತ್ತಾಗಿ ತಪಾಸಣೆ ಮಾಡಿದರು. ಲಿಂಗರಾಜರ ನಾಲಿಗೆ ನೋಡಿದರು, ಚಂದ್ರಿಯ ಕೆಚ್ಚಲು ನೋಡಿದರು, ಒಂದೇ ಕಾಗದದಲ್ಲಿ ಎರಡನ್ನೂ ಬರೆದರು. ಒಂದಕ್ಷರವೂ ಸುಳ್ಳಿರಲಿಲ್ಲ.

ಗಾಡಿ ಅದೇ ಊರಿನ ನರೇಶನದು, ಓಡಿಸಿದವನೂ ಅವನೇ. ತಾಂಡೂರಿಗೆ ಐದು ಕಿಲೋಮೀಟರು ಇರುವಾಗ ತಪಾಸಣೆಯವರು ಕೈ ಅಡ್ಡ ಹಿಡಿದರು. ಲಿಂಗರಾಜರು ನರೇಶನ ಪಕ್ಕದ ಸೀಟಿನಿಂದ ಇಳಿದು ಪತ್ರ ಕೊಟ್ಟರು. ಅಧಿಕಾರಿ ಫೋಟೋ ನೋಡಿದರು, ಇವರನ್ನು ನೋಡಿದರು, ಮೊಬೈಲ್ ಎತ್ತಿ ಹಿಡಿದರು. ಲಿಂಗರಾಜರು ಅನುಭವಸ್ಥರಂತೆ ಎರಡು ಸಲ ಮಿಟುಕಿಸಿದರು.

"ಎಮ್ಮೆ ಬರೋಬ್ಬರಿ ಅದ," ಎಂದರು ಅಧಿಕಾರಿ. ಆಮೇಲೆ ಹಿಂದೆ ಕಟ್ಟಿದ್ದ ಚಂದ್ರಿಯ ಕಡೆ ತಿರುಗಿದರು. "ಮತ್ತ ಈಕಿ ಯಾರು?"

ನರೇಶ ಗಾಡಿಯ ಇಂಜಿನ್ ಆರಿಸಿದ. ಚಂದ್ರಿ ಅಧಿಕಾರಿಯನ್ನು ರೆಪ್ಪೆ ಅಲುಗಿಸದೆ ನೋಡಿದಳು.

"ನನ್ನ ಜೊತಿಗ ಬಂದಾಳ್ರಿ," ಎಂದರು ಲಿಂಗರಾಜರು.

ಅಧಿಕಾರಿ ನಿಯಮ ತೆರೆದು ಓದಿದರು. ಪ್ರತಿ ಪ್ರಾಣಿಯ ಜೊತೆಗೆ ಒಬ್ಬ ಸಹಾಯಕರಿಗೆ ಅನುಮತಿ ಇದೆ. ಸಹಾಯಕರಿಗೆ ಪತ್ರ ಬೇಕಾಗಿಲ್ಲ. "ಆತು, ನಡೀರಿ. ಆದ್ರ ಕರು ತಾಯಿ ಜೊತಿಗೇ ಇರಬೇಕಂತ ಅದ. ಯಾಕ ಹಿಂದ ಕಟ್ಟೀರಿ?"

ಕರುವನ್ನು ಬಿಚ್ಚಿ ಮುಂದಿನ ಸೀಟಿನಲ್ಲಿ ಲಿಂಗರಾಜರ ತೊಡೆಯ ಮೇಲೆ ಕೂರಿಸಲಾಯಿತು. ಅದು ಯಾಲಾಲದವರೆಗೂ ಅವರ ಅಂಗಿಯ ಗುಂಡಿಗಳನ್ನು ಚೀಪುತ್ತ ಬಂತು. ಎರಡು ಗುಂಡಿ ಸಿಗಲಿಲ್ಲ.

ಮಾಧುರಿ ಬಾಗಿಲಲ್ಲಿ ಕಾದಿದ್ದಳು. ಹೊಸದಾಗಿ ಬಂದ ಎಮ್ಮೆಯ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಹಚ್ಚಿ ಒಳಗೆ ಕರೆದುಕೊಳ್ಳುವುದು ಪದ್ಧತಿ. ಅವಳು ಪತ್ರವನ್ನೊಮ್ಮೆ ನೋಡಿ, ಇಬ್ಬರಿಗೂ ನೀರು ಹಾಕಿ ಇಬ್ಬರಿಗೂ ಕುಂಕುಮ ಹಚ್ಚಿದಳು. ಸಂಜೆಯೊಳಗೆ ಅಲ್ಲಿನ ಪಶು ದವಾಖಾನೆಯವರು ಬಂದು, ಬೇರೆ ಕಡೆಯಿಂದ ಬಂದ ಪ್ರಾಣಿಯನ್ನು ಇಪ್ಪತ್ತೊಂದು ದಿನ ಊರು ಬಿಟ್ಟು ಕಳಿಸುವಂತಿಲ್ಲ, ದಿನಾ ನೋಡಿ ವರದಿ ಕಳಿಸಬೇಕು ಎಂದು ತಿಳಿಸಿದರು.

ಲಿಂಗರಾಜರು ಮನೆಗೆ ಫೋನು ಹಚ್ಚಿದರು.

"ಇಪ್ಪತ್ತೊಂದೇ ದಿನ ಏನ್ರಿ?" ಎಂದರು ಕಾಂತಾಬಾಯಿ. "ಹೆಚ್ಚು ಮಾಡಾಕ ಬರ್ತದೇನು ವಿಚಾರಸ್ರಿ."

ಏಳನೆಯ ದಿನ ಯಾಲಾಲದಿಂದ ಬಂದ ವರದಿಯನ್ನು ಯಾಮಿನಿ ಮೇಡಂ ಗಟ್ಟಿಯಾಗಿ ಓದಿದರು. ಮಾಧುರಿಯ ಮಗು ಚಂದ್ರಿಯ ಹಾಲು ಕುಡಿಯುವ ವಯಸ್ಸಿಗೆ ಬರುವ ತನಕ ಬಾಣಂತಿಯೇ ಕುಡಿಯುತ್ತಾಳೆ; ಚಂದ್ರಿ ಕೊಡುತ್ತಿರುವುದು ದಿನಕ್ಕೆ ಆರು ಲೀಟರು. ಜನಾಬಾಯಿ ಅಷ್ಟು ಕೇಳಿ ಕೈಮುಗಿದು ಹೊರಟುಹೋದಳು. ಉಳಿದದ್ದನ್ನು ದೇವಿದಾಸನು ರಿಜಿಸ್ಟರಿನಲ್ಲಿ ಇಳಿಸಿಕೊಂಡನು:

'ಪ್ರಾಣಿಯು ಹೊಸ ಸ್ಥಳಕ್ಕೆ ಹೊಂದಿಕೊಂಡಿರುತ್ತದೆ. ಹಸಿವು ಉತ್ತಮ. ನಿದ್ರೆ ಉತ್ತಮ. ಮಾತು ಸ್ವಲ್ಪ ಹೆಚ್ಚು, ಚಿಕಿತ್ಸೆ ಇರುವುದಿಲ್ಲ.'