ಅಲುಗಾಡದ ಅಜ್ಜಿಯನ್ನು ಸೋಫಾ ಎಂದು ಪರಿಗಣಿಸುವ ಕುರಿತು

ಗೃಹ ಸ್ವಯಂಚಾಲನಾ ವಿಭಾಗ
ಫ್ರಿಜ್ಜಿನ ಮೇಲೆ, ಮೊದಲ ಮಹಡಿ, ಕೊಡಿಗೇಹಳ್ಳಿ
ಸಂಖ್ಯೆ: ಗೃಸ್ವವಿ/ದೀಪ/ತಿದ್ದುಪಡಿಯ ತಿದ್ದುಪಡಿ/2025

ವಿಷಯ: ಮನೆಯ ಗುಟ್ಟನ್ನು ಮನೆಯಲ್ಲೇ ಉಳಿಸುವ ಸ್ಮಾರ್ಟ್ ವ್ಯವಸ್ಥೆಯ ಸಾಧಕ ಬಾಧಕಗಳು.

ಉಲ್ಲೇಖ: ಶ್ರೀಮತಿ ಮುನಿಕೃಷ್ಣಮ್ಮನವರು (ಅಜ್ಜಿ) ಬಚ್ಚಲಿನ ಒಳಗಿಂದ ಸಲ್ಲಿಸಿದ ಮೌಖಿಕ ದೂರು: "ಕಣ್ ತುಂಬಾ ಸೋಪೈತೆ, ಲೈಟ್ ಆರ್ಸಿದೋನ್ ಯಾವನ್ಲಾ?"

ಸದರಿ ದೂರಿನನ್ವಯ ತನಿಖೆ ನಡೆಸಲಾಗಿ, ದೀಪವನ್ನು ಯಾರೂ ಆರಿಸಿಲ್ಲ, ಮನೆಯೇ ಆರಿಸಿದೆ ಎಂದು ಕಂಡುಬಂದಿದೆ. ವಿಭಾಗದ ಮುಖ್ಯಸ್ಥರೂ ಏಕೈಕ ಸಿಬ್ಬಂದಿಯೂ ಅಜ್ಜಿಯ ಮೊಮ್ಮಗನೂ ಆದ ಶ್ರೀ ಹೇಮಂತ ಅವರಿಂದ ಮನೆಮಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಖಾಸಗಿತನದ ಹಿತದೃಷ್ಟಿಯಿಂದ ಮನೆಯಲ್ಲಿ ಕ್ಯಾಮೆರಾ ಇರುವುದಿಲ್ಲ. ಅಲುಗಾಟ ಗುರುತಿಸುವ ಸೆನ್ಸರ್ ಮಾತ್ರ ಇರುತ್ತದೆ. ಆದ್ದರಿಂದ ಅಲುಗಾಡದೆ ಕುಳಿತವರನ್ನು ಸೋಫಾ ಎಂದು ಪರಿಗಣಿಸಿ ದೀಪ ಆರಿಸಲಾಗುವುದು. ಸೋಪು ಹಚ್ಚಿಕೊಂಡು ಯೋಚನೆಗೆ ಬೀಳುವವರು ಆಗಾಗ ಕೈ ಬೀಸತಕ್ಕದ್ದು.

2. ಧಾರಾವಾಹಿಯಲ್ಲಿ ಸಾವು ಸಂಭವಿಸಿದಾಗ ಸ್ತಬ್ಧರಾಗುವವರು ಒಂದು ಕಾಲನ್ನಾದರೂ ಅಲ್ಲಾಡಿಸುತ್ತಿರತಕ್ಕದ್ದು.

3. ಮನೆಯ ಮಾಹಿತಿ ಯಾವ ಕಂಪನಿಗೂ ಹೋಗುವುದಿಲ್ಲ. ತತ್ಪರಿಣಾಮವಾಗಿ, ಕೆಟ್ಟಾಗ ಯಾವ ಕಂಪನಿಯೂ ಫೋನ್ ಎತ್ತುವುದಿಲ್ಲ. ಬಾಗಿಲಿನ ಪಾಸ್‌ವರ್ಡ್ ಮರೆತು ಮುಖ್ಯಸ್ಥರೇ ಭಾನುವಾರ ಮಧ್ಯಾಹ್ನವಿಡೀ ಮೆಟ್ಟಿಲ ಮೇಲೆ ಕುಳಿತದ್ದನ್ನು ಭದ್ರತೆಯ ಯಶಸ್ಸೆಂದು ದಾಖಲಿಸಲಾಗಿದೆ.

4. ಸದರಿ ಯಶಸ್ಸು ಗೌಪ್ಯವಾಗಿದ್ದರೂ ಸಂಜೆಯೊಳಗೆ ತಣಿಸಂದ್ರದವರೆಗೆ ಹಬ್ಬಿದೆ. ಸೋರಿಕೆಯಾದದ್ದು ಕಾಂಪೌಂಡ್ ಗೋಡೆಯ ಮೇಲಿಂದ. ಅಜ್ಜಿಯವರು ಪಕ್ಕದ ಮನೆಯ ನೂರೀನ್ ಅವರಿಗೆ "ನಮ್ ಏಮಂತ ಮನೆಗೆ ಬೀಗ ಆಕ್ಕಂಡು ತಾನೇ ಒರಗೆ ಕೂತವ್ನೆ ಕಣಮ್ಮ" ಎಂದು ತಿಳಿಸಿರುತ್ತಾರೆ. ಗೋಡೆಗೂ ಪಾಸ್‌ವರ್ಡ್ ಅಳವಡಿಸುವ ಪ್ರಸ್ತಾವನೆಯನ್ನು ಮುಖ್ಯಸ್ಥರ ಪತ್ನಿ ಶ್ರೀಮತಿ ರಮ್ಯ ಅವರು ನಗುವಿನ ಮೂಲಕ ತಿರಸ್ಕರಿಸಿದ್ದಾರೆ.

5. ನಡುಮನೆಯ ಗೋಡೆ ಸ್ವಿಚ್ಚನ್ನು ತೆಗೆಯಲಾಗಿದ್ದು, ಮುಸ್ಸಂಜೆ ಒಳಗೆ ಯಾರಾದರೂ ಓಡಾಡಿದರೆ ದೀಪ ತಾನಾಗಿ ಹೊತ್ತುತ್ತದೆ. ಹೊತ್ತಿದ ಬಲ್ಬಿಗೆ ಎಂದಿನಂತೆ ಕೈಮುಗಿಯತಕ್ಕದ್ದು ಎಂಬ ಹಿಂದಿನ ಸೂಚನೆಗೆ ಅಜ್ಜಿಯವರ ಆಕ್ಷೇಪಣೆ ಬಂದಿರುತ್ತದೆ: "ನಾನ್ ಅಚ್ದೇ ಇರೋ ದೀಪಕ್ಕೆ ನಾನ್ಯಾಕ್ಲಾ ಕೈ ಮುಗೀಲಿ?"

6. ಅಂದಿನಿಂದ ಅಜ್ಜಿಯವರು ಮುಸ್ಸಂಜೆಯಾದರೆ ನೂರೀನ್ ಅವರ ಮನೆಗೆ ಹೋಗಿ, ಅಲ್ಲಿನ ಸ್ವಿಚ್ ಒತ್ತಿ, ಅಲ್ಲಿನ ಟ್ಯೂಬ್‌ಲೈಟಿಗೆ ಕೈಮುಗಿದು, ಊಟದ ಹೊತ್ತಿಗಷ್ಟೇ ಹಿಂತಿರುಗುತ್ತಿದ್ದಾರೆ. ನಡುಮನೆಯಲ್ಲಿ ಯಾರೂ ಇಲ್ಲವೆಂದು ವ್ಯವಸ್ಥೆ ವರದಿ ಮಾಡುತ್ತಿದೆ. ಮುಖ್ಯಸ್ಥರು ಅಲ್ಲೇ ಕತ್ತಲಲ್ಲಿ ಅಲುಗಾಡದೆ ಕುಳಿತಿರುವುದು ಅದರ ಗಮನಕ್ಕೆ ಬಂದಿರುವುದಿಲ್ಲ.

7. ಆದುದರಿಂದ ಅಜ್ಜಿಯವರು ಸಂಜೆ ಮನೆಯಲ್ಲೇ ಇರಬೇಕೆಂದು ಕೋರಿ, ಅವರನ್ನು ಸರ್ವಾಧಿಕಾರವುಳ್ಳ ಅಡ್ಮಿನ್ ಆಗಿ ನೇಮಿಸಲಾಗಿದೆ. ಸ್ವಿಚ್ಚಿನ ಚಿತ್ರವಿರುವ ಹೊಸ ಫೋನನ್ನು ಲಗತ್ತಿಸಿದೆ. ಚಿತ್ರ ಒತ್ತಿದರೆ ದೀಪ ಹೊತ್ತುತ್ತದೆ; 'ಟಕ್' ಎಂಬ ಸದ್ದನ್ನೂ ಒದಗಿಸಲಾಗಿದೆ.

ಸಹಿ/-
(ಹೇಮಂತ)
ಮುಖ್ಯ ಸ್ವಯಂಚಾಲನಾಧಿಕಾರಿ

ಪ್ರತಿಗಳು:
1. ಶ್ರೀಮತಿ ರಮ್ಯ ಅವರಿಗೆ, ನಗದೆ ಓದಬೇಕೆಂಬ ಕೋರಿಕೆಯೊಂದಿಗೆ.
2. ಸೋಫಾಕ್ಕೆ, ಮಾಹಿತಿಗಾಗಿ.
3. ಶ್ರೀಮತಿ ಮುನಿಕೃಷ್ಣಮ್ಮ ಅವರಿಗೆ, ಕೇರಾಫ್ ನೂರೀನ್, ಪಕ್ಕದ ಮನೆ. ಫೋನಿನ ಸಮೇತ ಗೋಡೆಯ ಮೇಲಿಂದ ವಾಪಸ್ಸಾಗಿದೆ. ಷರಾ: "ಬ್ಯಾಡ. ಗೋಡೆ ಸ್ವಿಚ್ ಆಕ್ಸು, ಬತ್ತೀನಿ."